‘ಮನೆ ಹೇಗಿದೆ?’ ಅಂದರೆ ಎಲ್ಲರೂ ‘ಚೆನ್ನಾಗಿದೆ’ ಅನ್ನುತ್ತಾರೆ. ಆಮೇಲೆ ಏನು ಕೇಳಬೇಕು?

ಹಿಮದೂರಿನವಳು (ಟೊರಾಂಟೊ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಇಲ್ಲಿ ಒಂದು ಸಮುದಾಯ ವಸತಿ ಕಟ್ಟಡದಲ್ಲಿ ಕೆಲಸ ಮಾಡುತ್ತೇನೆ. ಬಾಡಿಗೆದಾರರಿಗೆ ಬೇಕಾದ ಸಹಾಯ ಮಾಡುವುದು ನನ್ನ ಕೆಲಸ. ಸಂಸ್ಥೆಯ ಹೆಸರು ಬೇಡ. ಅಲ್ಲಿರುವವರೆಲ್ಲ ಒಂದು ಕಾಲದಲ್ಲಿ ಮನೆಯಿಲ್ಲದೆ ಇದ್ದವರು. ಕೆಲವರು ಶೆಲ್ಟರ್‌ನಲ್ಲಿ ಇದ್ದರು, ಕೆಲವರು ಪಾರ್ಕಿನ ಟೆಂಟ್‌ನಲ್ಲಿ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಳಗು ಮಾಡಿದವರೂ ಇದ್ದಾರೆ. ವರ್ಷಕ್ಕೊಮ್ಮೆ ಅವರಿಗೆ ಒಂದು ಫಾರಂ ಕೊಡುತ್ತೇವೆ. ಮನೆ ಹೇಗಿದೆ, ರಿಪೇರಿ ಬೇಗ ಆಗುತ್ತದಾ, ಸಿಬ್ಬಂದಿ ಹೇಗೆ ಮಾತಾಡಿಸುತ್ತಾರೆ, ಎಲ್ಲಕ್ಕೂ ಒಂದರಿಂದ ಐದರವರೆಗೆ ಅಂಕ. ಪ್ರತಿ ವರ್ಷ ಅಂಕ ಚೆನ್ನಾಗಿಯೇ ಬರುತ್ತದೆ.

ಹೋದ ತಿಂಗಳು ನಾಲ್ಕನೇ ಮಹಡಿಯ ಒಬ್ಬ ಹಿರಿಯರ ಹತ್ತಿರ ಫಾರಂ ಇಸಿದುಕೊಳ್ಳಲು ಹೋಗಿದ್ದೆ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವಂಥದ್ದೆಲ್ಲ ತೆಗೆದಿದ್ದೇನೆ. ಎಲ್ಲದಕ್ಕೂ ಐದಕ್ಕೆ ಐದು ಕೊಟ್ಟಿದ್ದರು. ಟೀ ಕುಡಿದು ಹೋಗು ಅಂದರು. ಎಲೆಕ್ಟ್ರಿಕ್ ಕೆಟಲ್‌ನಲ್ಲಿ ನೀರು ಕಾಯಿಸಿದರು. ಒಲೆ ಕಡೆ ನೋಡಿದೆ. ಅದರ ಮೇಲೆ ಹಳೇ ಪೇಪರ್, ಮಾತ್ರೆ ಡಬ್ಬಿ, ಒಂದು ಸಣ್ಣ ರೇಡಿಯೊ. ಒಲೆ ಕೆಟ್ಟು ಮೂರು ತಿಂಗಳಾಗಿದೆಯಂತೆ. ಕಿಟಕಿ ಪೂರ್ತಿ ಮುಚ್ಚುವುದಿಲ್ಲ, ಸಂದಿಗೆ ಟವೆಲ್ ತುರುಕಿದ್ದಾರೆ. ಮನೆ ಕೀಲಿಯನ್ನು ಶೂ ಲೇಸಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಒಳಗೆ ಕೂತಿರುವಾಗಲೂ.

ಫಾರಂನಲ್ಲಿ ಇದನ್ನು ಯಾಕೆ ಬರೆಯಲಿಲ್ಲ ಅಂತ ಕೇಳಿದೆ. ಕೀಲಿ ಹಿಡಿದುಕೊಂಡೇ ಹೇಳಿದರು: ‘ಹನ್ನೊಂದು ವರ್ಷ ಹೊರಗಿದ್ದೆ. ಒಂದು ಒಲೆಗೋಸ್ಕರ ಇದನ್ನ ಕಳೆದುಕೊಳ್ಳಲಾ?’

ಅವತ್ತಿನಿಂದ ನನಗೆ ಆ ಐದಕ್ಕೆ ಐದು ನೋಡಿದರೆ ಸಂಕಟ ಆಗುತ್ತದೆ. ಮುಂದಿನ ಫಾರಂ ತಯಾರಿಸುವ ಕೆಲಸ ನನಗೇ ಬಂದಿದೆ. ಏನು ಕೇಳಿದರೆ ನಿಜ ಗೊತ್ತಾಗುತ್ತದೆ? ನಿಮ್ಮಲ್ಲಿ ಯಾರಾದರೂ ಇಂಥ ಕೆಲಸ ಮಾಡಿದ್ದರೆ, ಇಂಥ ಮನೆಗಳಲ್ಲಿ ಇದ್ದಿದ್ದರೆ ಹೇಳಿ.

ಜಯನಗರ ಜನ

ಓದಿ ಬೇಜಾರಾಯಿತು. ಆದರೂ ಒಂದು ಮಾತು ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಬೀದಿಯಲ್ಲಿದ್ದವರಿಗೆ ತಲೆ ಮೇಲೆ ಸೂರು ಸಿಕ್ಕಿದೆ, ಅದೇ ದೊಡ್ಡ ವಿಷಯ ಅಲ್ವಾ? ನಾನೂ ಬಾಡಿಗೆ ಮನೆಯಲ್ಲೇ ಇಪ್ಪತ್ತು ವರ್ಷ ಇದ್ದೆ, ನನಗೆ ಯಾವ ಓನರೂ ಫಾರಂ ಕೊಡಲಿಲ್ಲ. ಮತ್ತೆ ಬಾಡಿಗೆ ಯಾರು ಕೊಡುತ್ತಾರೆ? ಅವರೇನಾ, ಸರ್ಕಾರನಾ?

ಹಿಮದೂರಿನವಳು (ಟೊರಾಂಟೊ)

ತಪ್ಪೇನಿಲ್ಲ, ನಾನೂ ಕೆಲಸಕ್ಕೆ ಸೇರಿದಾಗ ಹಾಗೇ ಅಂದುಕೊಂಡಿದ್ದೆ.

ಬಾಡಿಗೆ ಅವರೇ ಕೊಡುತ್ತಾರೆ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಆದಾಯದ ಶೇ 30ರ ಆಸುಪಾಸು ಬಾಡಿಗೆ, ಉಳಿದದ್ದಕ್ಕೆ ಸರ್ಕಾರದ ಸಹಾಯಧನ. ಒಂಟಾರಿಯೊದಲ್ಲಿ ಕೆಲಸವಿಲ್ಲದ ಒಂಟಿ ವ್ಯಕ್ತಿಗೆ ಸಿಗುವ ಸರ್ಕಾರಿ ನೆರವು ತಿಂಗಳಿಗೆ 733 ಡಾಲರ್. ಅದರಲ್ಲಿ ಮನೆಗೆ ಅಂತ ಇರುವುದು 390. ಟೊರಾಂಟೊದಲ್ಲಿ ಒಂದು ಬೆಡ್‌ರೂಮಿನ ಮನೆ ಬಾಡಿಗೆ 733ರ ಎರಡರಷ್ಟಕ್ಕಿಂತ ಜಾಸ್ತಿ. ಜನ ಯಾಕೆ ಬೀದಿಗೆ ಬರುತ್ತಾರೆ ಅಂತ ಕೇಳುವವರಿಗೆ ನಾನು ಮೊದಲು ಈ ಲೆಕ್ಕ ತೋರಿಸುತ್ತೇನೆ.

ಇನ್ನು ‘ಸೂರು ಸಿಕ್ಕಿತಲ್ಲ’ ಅನ್ನುವ ಮಾತು. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಯಾಮ್ ಸೆಂಬೆರಿಸ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಪದ್ಧತಿ ಶುರು ಮಾಡಿದರು. ಅದನ್ನು ಹೌಸಿಂಗ್ ಫಸ್ಟ್ ಅನ್ನುತ್ತಾರೆ. ಅದಕ್ಕೂ ಮುಂಚೆ ಕುಡಿತ ಬಿಡು, ಮಾತ್ರೆ ತಗೋ, ಆಮೇಲೆ ಮನೆ ಅನ್ನುತ್ತಿದ್ದರು. ಇವರು ಮನೆಯನ್ನು ಮೊದಲು ಕೊಟ್ಟರು, ಉಳಿದದ್ದು ಆಮೇಲೆ. ಕೆನಡಾ ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿತು. 2009ರಿಂದ 2013ರವರೆಗೆ ವ್ಯಾಂಕೂವರ್, ವಿನಿಪೆಗ್, ಟೊರಾಂಟೊ, ಮಾಂಟ್ರಿಯಲ್, ಮಾಂಕ್ಟನ್‌ಗಳಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಜನರ ಜೊತೆ. ಅದರ ಹೆಸರು ‘ಅಟ್ ಹೋಮ್/ಶೆ ಸ್ವಾ’. ಕೊನೆಯ ಆರು ತಿಂಗಳಲ್ಲಿ ಪೂರ್ತಿ ಅವಧಿ ಮನೆಯಲ್ಲೇ ಉಳಿದವರು ಹೌಸಿಂಗ್ ಫಸ್ಟ್ ಗುಂಪಿನಲ್ಲಿ ಶೇ 62, ಮಾಮೂಲಿ ಸೇವೆ ಪಡೆದ ಗುಂಪಿನಲ್ಲಿ ಶೇ 31. ಸರಿಯಾಗಿ ಎರಡರಷ್ಟು.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇದೆ. ‘ನಿಮ್ಮ ಬದುಕು ಹೇಗಿದೆ’ ಅಂತ ಅಳೆದಾಗ ಎರಡೂ ಗುಂಪು ಸುಧಾರಿಸಿತ್ತು. ಮನೆ ಸಿಕ್ಕವರದ್ದು ಸ್ವಲ್ಪವೇ ಜಾಸ್ತಿ. ಮನೆಯಲ್ಲಿ ಉಳಿಯುವುದರಲ್ಲಿ ಅಷ್ಟು ದೊಡ್ಡ ಅಂತರ, ಬದುಕಿನಲ್ಲಿ ಇಷ್ಟು ಸಣ್ಣ ಅಂತರ. ನನ್ನ ಪ್ರಶ್ನೆ ಇರುವುದು ಅಲ್ಲೇ. ಬಾಗಿಲು ಹಾಕಿಕೊಂಡ ಮೇಲೆ ಒಳಗೆ ಏನಾಗುತ್ತಿದೆ?

ಕತ್ತಲೆಯಲ್ಲಿ ಕಾಫಿ (ಹೆಲ್ಸಿಂಕಿ)

ಫಿನ್ಲೆಂಡಿನಿಂದ ಒಂದೆರಡು ಮಾತು. ಇಲ್ಲಿ 1987ರಲ್ಲಿ ಮನೆಯಿಲ್ಲದವರು 18 ಸಾವಿರಕ್ಕೂ ಜಾಸ್ತಿ ಇದ್ದರು. 2023ರಲ್ಲಿ 3,429. 2008ರಿಂದ ಸರ್ಕಾರವೇ ಹೌಸಿಂಗ್ ಫಸ್ಟ್ ಕೈಗೆತ್ತಿಕೊಂಡು, ಸಾಲಾಗಿ ಮಂಚ ಹಾಕಿದ್ದ ಹಳೇ ಹಾಸ್ಟೆಲ್‌ಗಳನ್ನು ಒಡೆದು ಒಬ್ಬೊಬ್ಬರಿಗೆ ಒಂದೊಂದು ಫ್ಲ್ಯಾಟ್ ಮಾಡಿತು. ಆಲ್ಪಿಕಾತು ಅನ್ನುವ ಬೀದಿಯ ಸಾಲ್ವೇಶನ್ ಆರ್ಮಿ ಹಾಸ್ಟೆಲ್ ಹಾಗೆ ಬದಲಾದದ್ದು. ಇದರ ಜೊತೆಗೆ ಯು-ಸಾತಿಯೊ ಅನ್ನುವ ಪ್ರತಿಷ್ಠಾನ 1985ರಿಂದ ಸಾಮಾನ್ಯ ಅಪಾರ್ಟ್‌ಮೆಂಟ್‌ಗಳಲ್ಲಿ ಅಲ್ಲೊಂದು ಇಲ್ಲೊಂದು ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡುತ್ತಿದೆ. ಎರಡರಲ್ಲೂ ಬಾಡಿಗೆ ಕರಾರು ಅವರವರ ಹೆಸರಿನಲ್ಲೇ.

ನಾನು ಒಂದು ಕಟ್ಟಡದಲ್ಲಿ ರಾತ್ರಿ ಪಾಳಿ ಮಾಡಿದ್ದೆ. ಒಂದೇ ಸೂರಿನಡಿ ಎಲ್ಲರೂ ಇದ್ದರೆ ಬರುವ ದೂರು ಒಂದೇ: ಪಕ್ಕದ ಬಾಗಿಲು. ಅವನು ಬಡಿಯುತ್ತಾನೆ, ಇವನು ಕಿರುಚುತ್ತಾನೆ, ಸಾಲ ಕೇಳುತ್ತಾನೆ, ಕುಡಿಯೋಣ ಬಾ ಅನ್ನುತ್ತಾನೆ. ಚದುರಿದ ಫ್ಲ್ಯಾಟ್‌ಗಳಿಗೆ ಹೋದವರ ದೂರು ಇದರ ಉಲ್ಟಾ. ಯಾರೂ ಬಾಗಿಲು ತಟ್ಟುವುದೇ ಇಲ್ಲ. ಹಾಗಾಗಿ ‘ಮನೆ ಹೇಗಿದೆ’ ಅನ್ನುವುದಕ್ಕಿಂತ ‘ಕೊನೆಯ ಸಲ ನಿಮ್ಮ ಬಾಗಿಲು ತಟ್ಟಿದ್ದು ಯಾರು, ಯಾಕೆ’ ಅಂತ ಕೇಳಿ ನೋಡಿ.

ಹಿಮದೂರಿನವಳು (ಟೊರಾಂಟೊ)

ಬರೆದುಕೊಂಡೆ. ಇದು ಬೇಕೇ ಬೇಕು.

ಅಂಕಿ ಸಂಖ್ಯೆ

ಸಮೀಕ್ಷೆ ಮಾಡುವುದೇ ನನ್ನ ವೃತ್ತಿ. ನಿಮ್ಮ ಫಾರಂನ ಮೊದಲ ತೊಂದರೆ ಪ್ರಶ್ನೆಯಲ್ಲಿಲ್ಲ, ಕೇಳುವವರಲ್ಲಿದೆ. ಮನೆ ಕೊಟ್ಟವರೇ ಬಂದು ಮನೆ ಹೇಗಿದೆ ಅಂದರೆ ಯಾರು ತಾನೇ ಕೆಟ್ಟದ್ದು ಹೇಳುತ್ತಾರೆ? ಊಟ ಹಾಕಿದವರ ಎದುರು ಕೂತು ಉಪ್ಪು ಕಡಿಮೆ ಅನ್ನಲು ಆಗುತ್ತದಾ? ಸಂಸ್ಥೆಗೆ ಸಂಬಂಧವಿಲ್ಲದವರು ಕೇಳಬೇಕು. ಅದರಲ್ಲೂ ಹಿಂದೆ ಬೀದಿಯಲ್ಲಿದ್ದು ಈಗ ಬೇರೆ ಕಟ್ಟಡದಲ್ಲಿರುವವರು ಕೇಳಿದರೆ ಇನ್ನೂ ಒಳ್ಳೆಯದು. ಅವರಿಗೆ ಸಂಬಳ ಕೊಟ್ಟು ಕಳಿಸಿ, ಸುಮ್ನೆ ಸೇವೆ ಅಂತ ಮಾಡಿಸಬೇಡಿ.

ಎರಡನೆಯದು, ಬಿಟ್ಟು ಹೋದವರು. ಆರು ತಿಂಗಳಲ್ಲಿ ಮನೆ ಕಳೆದುಕೊಂಡವರ ಅಂಕ ನಿಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ಉಳಿದವರನ್ನು ಮಾತ್ರ ಕೇಳಿದರೆ ಶಾಲೆ ಬಿಟ್ಟ ಮಕ್ಕಳನ್ನು ಬಿಟ್ಟು ಹಾಜರಾತಿ ತೆಗೆದ ಹಾಗೆ.

ಮೂರನೆಯದು, ‘ತೃಪ್ತಿ’ ಅನ್ನುವ ಪದವನ್ನೇ ಕೈಬಿಡಿ. ಆದದ್ದನ್ನು ಕೇಳಿ. ಏನು ಕೆಟ್ಟಿತ್ತು, ಯಾವ ದಿನ ಹೇಳಿದಿರಿ, ಯಾವ ದಿನ ಸರಿಯಾಯಿತು. ತಾರೀಕು ಹೇಳಲು ಯಾರೂ ಹೆದರಬೇಕಾಗಿಲ್ಲ.

ಕೋವಳಂ ಕಡಲು (ಚೆನ್ನೈ)

ನಾನು ಚೆನ್ನೈನಲ್ಲಿರುವ ಕನ್ನಡತಿ. ಇಲ್ಲಿ ‘ದಿ ಬ್ಯಾನಿಯನ್’ ಅನ್ನುವ ಸಂಸ್ಥೆ ಇದೆ. ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ 1993ರಲ್ಲಿ ಶುರು ಮಾಡಿದ್ದು. ಮಾನಸಿಕ ಕಾಯಿಲೆಯಿಂದ ಬೀದಿಗೆ ಬಂದ ಹೆಂಗಸರಿಗಾಗಿ. ವಾಸಿಯಾದ ಮೇಲೂ ಎಷ್ಟೋ ಜನಕ್ಕೆ ವಾಪಸ್ ಹೋಗಲು ಮನೆ ಇರುವುದಿಲ್ಲ. 2015ರಲ್ಲಿ ಅವರು ‘ಹೋಮ್ ಅಗೇನ್’ ಅಂತ ಶುರು ಮಾಡಿದರು. ನಾಲ್ಕೈದು ಜನ ಸೇರಿ ಸಾಮಾನ್ಯ ಬೀದಿಯಲ್ಲಿ ಒಂದು ಬಾಡಿಗೆ ಮನೆ. ಜೊತೆಗೆ ಸಹಾಯಕ್ಕೆ ಒಬ್ಬರು. ಅಡುಗೆ, ಸಂತೆ, ಜಗಳ, ಹಬ್ಬ ಎಲ್ಲ ಮಾಮೂಲಿ ಮನೆಯ ಹಾಗೆ.

ಈಗ ಹೇಳುವುದು ಬೇರೆ ಒಂದು ಮನೆಯ ಕಥೆ. ಹೆಸರು ಬೇಡ. ಅಲ್ಲಿಗೆ ನನ್ನನ್ನು ಕರೆಸಿದ್ದು, ಒಬ್ಬ ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ ಅಂತ. ಎಲ್ಲರೂ ಅವರು ಸುಖವಾಗಿದ್ದಾರೆ ಅಂದುಕೊಂಡಿದ್ದರು. ಯಾವುದಕ್ಕೂ ತಕರಾರಿಲ್ಲ, ಕೊಟ್ಟದ್ದು ತಿನ್ನುತ್ತಾರೆ. ನಾನು ‘ಏನಮ್ಮ, ಊಟ ಆಯ್ತಾ’ ಅಂದದ್ದೇ ತಡ, ಅಜ್ಜಿ ನನ್ನ ಕೈ ಹಿಡಿದುಕೊಂಡರು. ಒಂದು ಗಂಟೆ ಬಿಡಲಿಲ್ಲ. ಅವರಿಗೆ ಬೇಕಾಗಿದ್ದದ್ದು ರಾಗಿ ಹಿಟ್ಟು. ಎರಡು ವರ್ಷದಿಂದ ಮುದ್ದೆ ಉಂಡಿಲ್ಲ. ಕೇಳಲು ಮಾತಿಲ್ಲ. ಸುಮ್ಮನಿರುವುದನ್ನೇ ತೃಪ್ತಿ ಅಂತ ಬರೆದುಕೊಂಡಿದ್ದರು.

ಅವತ್ತು ಸಂಜೆ ಎರಡು ಬೀದಿ ಅಲೆದು ಹಿಟ್ಟು ತಂದೆ. ಅಜ್ಜಿಯೇ ತೊಳಸಿದರು. ತೋಳು ನಡುಗುತ್ತಿತ್ತು, ಆದರೂ ಮುದ್ದೆಕೋಲು ಬೇರೆಯವರಿಗೆ ಕೊಡಲಿಲ್ಲ. ಉಳಿದ ನಾಲ್ವರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ನಿಮ್ಮ ಫಾರಂ ಎಷ್ಟು ಭಾಷೆಯಲ್ಲಿದೆ ಅಂತ ನೋಡಿ.

ಹಿಮದೂರಿನವಳು (ಟೊರಾಂಟೊ)

ಇಂಗ್ಲಿಷ್ ಮತ್ತು ಫ್ರೆಂಚ್, ಅಷ್ಟೇ. ನಮ್ಮಲ್ಲಿ ತಮಿಳು, ಸೊಮಾಲಿ, ಸ್ಪ್ಯಾನಿಷ್ ಮಾತಾಡುವವರೂ ಇದ್ದಾರೆ. ನಾನೇ ಬೇರೆ ಭಾಷೆಯಿಂದ ಬಂದವಳು, ನನಗೇ ಹೊಳೆದಿರಲಿಲ್ಲ.

ಹುಬ್ಬಳ್ಳಿ ಹೈದ

ನಾನು ರಾತ್ರಿ ಆಶ್ರಯ ಕೇಂದ್ರದಾಗ ಮೂರು ವರ್ಷ ಕೆಲಸ ಮಾಡೇನ್ರಿ. ನಮ್ಮ ದೇಶದ ಲೆಕ್ಕನೂ ಹೇಳಿಬಿಡ್ತೀನಿ. 2011ರ ಜನಗಣತಿ ಪ್ರಕಾರ ಮನೆಯಿಲ್ಲದವರು 17.73 ಲಕ್ಷ. ಕರ್ನಾಟಕದಾಗ 76 ಸಾವಿರಕ್ಕೂ ಜಾಸ್ತಿ. ನಗರದಾಗ ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ಇರುವಂಥ ಒಂದು ಆಶ್ರಯ ಕೇಂದ್ರ ಬೇಕು, ತಲೆಗೆ 50 ಚದರ ಅಡಿ ಜಾಗ ಬೇಕು, ವರ್ಷವಿಡೀ 24 ತಾಸೂ ತೆರೆದಿರಬೇಕು ಅಂತ ನಿಯಮ ಐತಿ. ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಹೇಳಿದ ಮ್ಯಾಲೆ ಬಂದ ನಿಯಮ.

ನಮ್ಮಲ್ಲಿ ಬರುವವರು ಕೇಳೋದು ಬಹಳ ಸಣ್ಣದು. ಹಾಸಿಗೆ ಕೇಳಂಗಿಲ್ಲ, ಫ್ಯಾನ್ ಕೇಳಂಗಿಲ್ಲ. ಬ್ಯಾಗ್ ಇಡಾಕ ಬೀಗ ಇರೋ ಪೆಟ್ಟಿಗೆ ಕೇಳ್ತಾರ. ಆಧಾರ್ ಕಾರ್ಡು, ಮಗಳ ಫೋಟೊ, ಎರಡು ಅಂಗಿ, ಅಷ್ಟೇ ಇರ್ತದ ಅದರಾಗ. ಅದನ್ನ ತಲೆಕೆಳಗ ಇಟ್ಟು ಮಲಗಿದ್ರ ನಿದ್ದಿ ಬರಂಗಿಲ್ಲ. ನಾವು ಹತ್ತು ಪೆಟ್ಟಿಗೆ ಮಾಡಿಸಿದ ವಾರ, ಜನ ಬೆಳಿಗ್ಗೆ ಏಳರ ತನಕ ಮಲಗಿದ್ರು. ಮೊದಲು ನಾಲ್ಕಕ್ಕ ಏಳ್ತಿದ್ರು.

ನಿಮ್ಮ ಹಿರಿಯರ ಕೊರಳಾಗಿನ ಕೀಲಿ ನನಗ ಪೂರ್ತಿ ಅರ್ಥ ಆಯ್ತು.

ನಾಲ್ಕನೇ ಮಹಡಿ (ಬೆಂಗಳೂರು)

ಬರೆಯಬೇಕಾ ಬೇಡವಾ ಅಂತ ಎರಡು ದಿನ ಯೋಚಿಸಿದೆ.

ನಾನು ಹುಟ್ಟಿದ್ದು ರೈಲ್ವೆ ಹಳಿ ಪಕ್ಕದ ಟಾರ್ಪಾಲಿನ್ ಶೆಡ್ಡಿನಲ್ಲಿ. ಶೆಡ್ಡು ಕಿತ್ತ ಮೇಲೆ ಏಳು ತಿಂಗಳು ಫುಟ್‌ಪಾತ್‌ನಲ್ಲಿ ಇದ್ದೆವು. ಆಗ ನನಗೆ ಒಂಬತ್ತು ವರ್ಷ. ಆಮೇಲೆ ಊರಾಚೆ ಒಂದು ಫ್ಲ್ಯಾಟ್ ಸಿಕ್ಕಿತು. ಯಾವ ಇಲಾಖೆ, ಯಾವ ಕಾಲೊನಿ ಅಂತ ಹೇಳುವುದಿಲ್ಲ. ಅಮ್ಮ ಅವತ್ತು ಹೊಸ್ತಿಲಿಗೆ ಅರಿಶಿನ ಹಚ್ಚಿ ಅತ್ತದ್ದು ನೆನಪಿದೆ. ಬಾಗಿಲು ಹಾಕಿ ಸ್ನಾನ ಮಾಡಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಅದನ್ನು ನಾನು ಯಾವತ್ತೂ ಕಮ್ಮಿ ಅನ್ನುವುದಿಲ್ಲ.

ಆದರೆ ಮನೆ ನಾಲ್ಕನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ನೀರು ಮೇಲಕ್ಕೆ ಏರುವುದಿಲ್ಲ, ಕೆಳಗಿನ ಸಂಪಿನಿಂದ ಹೊರಬೇಕು. ದಿನಕ್ಕೆ ಎಂಟು ಕೊಡ. ಅಮ್ಮ ಇಡ್ಲಿ ಗಾಡಿ ಇಟ್ಟಿದ್ದರು. ಹಳಿ ಪಕ್ಕ ಇದ್ದಾಗ ಬೆಳಿಗ್ಗೆ ಐದಕ್ಕೆ ಗಾಡಿ ಸ್ಟೇಷನ್ ಬಾಗಿಲಲ್ಲಿ ನಿಲ್ಲುತ್ತಿತ್ತು. ಫ್ಲ್ಯಾಟಿಗೆ ಬಂದ ಮೇಲೆ ಗಾಡಿಯನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿದರು. ನಿಲ್ಲಿಸಬಾರದು ಅಂದರು. ಹೊರಗೆ ನಿಲ್ಲಿಸಿದರು. ಒಂದು ವಾರದಲ್ಲಿ ಚಕ್ರ ಇಲ್ಲ, ಇನ್ನೊಂದು ವಾರದಲ್ಲಿ ಒಲೆ ಇಲ್ಲ. ಸ್ಟೇಷನ್‌ಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕು, ಮೊದಲ ಬಸ್ಸೇ ಆರೂವರೆಗೆ. ಆರು ತಿಂಗಳಲ್ಲಿ ವ್ಯಾಪಾರ ಮುಗಿಯಿತು. ಅಮ್ಮ ಮನೆಕೆಲಸಕ್ಕೆ ಸೇರಿದರು.

ಒಂದು ಸಲ ಯಾರೋ ಫೈಲ್ ಹಿಡಿದು ಬಂದಿದ್ದರು. ‘ಮನೆ ತೃಪ್ತಿಕರವಾಗಿದೆಯೇ?’ ಅಂತ ಓದಿದರು. ಅಮ್ಮ ಹೌದು ಸಾರ್ ಅಂದರು. ಟಿಕ್ ಮಾಡಿಕೊಂಡು ಮುಂದಿನ ಬಾಗಿಲಿಗೆ ಹೋದರು. ಗಾಡಿ ಎಲ್ಲಿ ನಿಲ್ಲಿಸ್ತೀಯಮ್ಮ ಅಂತ ಕೇಳಲಿಲ್ಲ.

2013ರ ಜನವರಿಯಲ್ಲಿ ಈಜಿಪುರದ ಬಡವರ ಕ್ವಾರ್ಟರ್ಸ್ ಜಾಗದಿಂದ ಅಷ್ಟು ಕುಟುಂಬಗಳನ್ನು ಎಬ್ಬಿಸಿದಾಗ ಅದೇ ಮಾತು ಕೇಳಿಬಂತು. ದೂರ ಮನೆ ಕೊಟ್ಟರೆ ಆಯಿತಲ್ಲ ಅಂತ. ಮನೆಗೆಲಸ, ಗಾರ್ಮೆಂಟ್ಸ್, ಮಕ್ಕಳ ಶಾಲೆ ಎಲ್ಲ ಕೋರಮಂಗಲದ ಸುತ್ತ ಇರುವಾಗ ಸರ್ಜಾಪುರ ರಸ್ತೆಯಾಚೆಯ ಮನೆ ತಗೊಂಡು ಏನು ಮಾಡುವುದು? ಜಯನಗರ ಜನ ಅವರೇ, ಸೂರು ಸಿಕ್ಕಿದ್ದು ದೊಡ್ಡದೇ. ನಮ್ಮಮ್ಮ ಆ ಸೂರಿಗೆ ತಮ್ಮ ಗಾಡಿ ಕೊಟ್ಟರು. ಆ ಲೆಕ್ಕವನ್ನೂ ಯಾರಾದರೂ ಬರೆದುಕೊಳ್ಳಬೇಕು.

ಜಯನಗರ ಜನ

ನನ್ನ ಮೊದಲ ಮಾತನ್ನು ವಾಪಸ್ ತಗೊಳ್ಳುತ್ತೇನೆ. ಕ್ಷಮಿಸಿ.

ಇನ್ನೊಂದು ಕೇಳಲಾ? ನನ್ನ ಹತ್ತಿರ ಈಗ ಮೇಲಿನ ಮನೆ ಖಾಲಿ ಇದೆ. ಚೆನ್ನೈನಲ್ಲಿ ಮಾಡುವ ಹಾಗೆ ಇಲ್ಲಿ ಯಾರಾದರೂ ಬಾಡಿಗೆಗೆ ಕೇಳಿದರೆ ಓನರ್ ಆಗಿ ನಾನು ಏನು ನೋಡಿಕೊಳ್ಳಬೇಕು?

ಕೋವಳಂ ಕಡಲು (ಚೆನ್ನೈ)

ಕೇಳಿದ್ದಕ್ಕೇ ಥ್ಯಾಂಕ್ಸ್. ಮನೆ ಸಿಗುವುದೇ ಎಲ್ಲಕ್ಕಿಂತ ಕಷ್ಟ. ಕಾಯಿಲೆ ಅಂದ ತಕ್ಷಣ ಓನರ್‌ಗಳು ಬಾಗಿಲು ಹಾಕುತ್ತಾರೆ. ಬೆಂಗಳೂರಿನಲ್ಲಿ ಅದರ ಮೇಲೆ ಹತ್ತು ತಿಂಗಳ ಅಡ್ವಾನ್ಸ್. ನೀವು ಅಡ್ವಾನ್ಸ್ ಕಮ್ಮಿ ಮಾಡಿ, ಅಕ್ಕಪಕ್ಕದವರು ಬಂದು ಪಿಸುಗುಟ್ಟಿದರೆ ಬಾಡಿಗೆದಾರರ ಪರ ನಿಲ್ಲಿ. ಉಳಿದಂತೆ ಬೇರೆ ಬಾಡಿಗೆದಾರರನ್ನು ಹೇಗೆ ನೋಡುತ್ತೀರೋ ಹಾಗೆಯೇ.

ಅಂಕಿ ಸಂಖ್ಯೆ

ಅನುಮತಿ ಇಲ್ಲದೆ ಒಳಗೆ ಹೋಗಬೇಡಿ, ಅದನ್ನೂ ಸೇರಿಸಿ.

ಹಿಮದೂರಿನವಳು (ಟೊರಾಂಟೊ)

ಹೌದು, ಅದು ಬಹಳ ಮುಖ್ಯ. ಇಲ್ಲಿ ಕಾನೂನಿನ ಪ್ರಕಾರ ಓನರ್ ಒಳಗೆ ಬರಬೇಕಾದರೆ ಸಾಮಾನ್ಯವಾಗಿ 24 ಗಂಟೆ ಮುಂಚೆ ಬರೆದು ತಿಳಿಸಬೇಕು, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರೊಳಗೆ ಬರಬೇಕು. ಬಾಡಿಗೆ ಕರಾರಿನಲ್ಲಿ ಸಾಕುಪ್ರಾಣಿ ಬೇಡ ಅಂತ ಬರೆದರೂ ಆ ಷರತ್ತು ನಿಲ್ಲುವುದಿಲ್ಲ. ಇದು ಎಷ್ಟೋ ಬಾಡಿಗೆದಾರರಿಗೆ ಗೊತ್ತೇ ಇಲ್ಲ. ಎರಡನೇ ಮಹಡಿಯ ಒಬ್ಬಾಕೆ ನಾವು ಬಂದಾಗಲೆಲ್ಲ ಬೆಕ್ಕನ್ನು ಬಚ್ಚಲಲ್ಲಿ ಅಡಗಿಸಿಡುತ್ತಿದ್ದರು. ಒಂದೂವರೆ ವರ್ಷ! ಬೆಕ್ಕು ಇಟ್ಟುಕೊಳ್ಳಬಹುದು ಅಂದ ದಿನ ಅವರು ಮೊದಲ ಸಲ ನನ್ನನ್ನು ಕೂತುಕೋ ಅಂದರು.

ಅಂಕಿ ಸಂಖ್ಯೆ ಅವರು ಹೇಳಿದ ಹಾಗೆ ಸಣ್ಣದಾಗಿ ಮಾಡಿ ನೋಡಿದೆವು. ಬೇರೆ ಕಟ್ಟಡದ ಇಬ್ಬರು ಬಾಡಿಗೆದಾರರು ಬಂದು, ಸಂಬಳಕ್ಕೆ, ಹತ್ತು ಮನೆಗಳಲ್ಲಿ ಮಾತಾಡಿದರು. ಹೆಸರಿಲ್ಲದೆ ಬರೆದುಕೊಂಡರು. ನಾನು ಓದಿ ರಾತ್ರಿ ಮಲಗಲಿಲ್ಲ. ತಿಗಣೆ ಔಷಧಿ ಹೊಡೆಯುವಾಗ ಎಲ್ಲವನ್ನೂ ಮೂಟೆ ಕಟ್ಟಬೇಕಲ್ಲ, ಆಗ ಕೆಲವರಿಗೆ ಮತ್ತೆ ಬೀದಿಗೆ ಹೊರಟ ಹಾಗೆ ಕೈಕಾಲು ನಡುಗುತ್ತದಂತೆ. ಒಬ್ಬರು ಮೂಟೆ ಬಿಚ್ಚಲೇ ಇಲ್ಲ, ಗೋಡೆ ಪಕ್ಕ ಹಾಗೇ ಇದೆ. ಕೆಳಗೆ ಅತಿಥಿಗಳ ಹೆಸರು ಬರೆಸುವ ಪುಸ್ತಕ ಇದೆ. ಅದಕ್ಕೆ ಹೆದರಿ ಒಬ್ಬರ ಅಣ್ಣ ಬರುವುದನ್ನೇ ನಿಲ್ಲಿಸಿದ್ದಾನೆ. ಮೂರು ಜನ ಒಂದೇ ಮಾತು ಹೇಳಿದ್ದಾರೆ: ಮೂರನೇ ತಿಂಗಳು ತುಂಬಾ ಕಷ್ಟ. ಮೊದಲೆರಡು ತಿಂಗಳು ಎಲ್ಲರೂ ವಿಚಾರಿಸುತ್ತಾರೆ, ಆಮೇಲೆ ಫೋನ್ ನಿಂತುಹೋಗುತ್ತದೆ. ಸಂಜೆ ಆಯಿತೆಂದರೆ ಹಳೇ ಶೆಲ್ಟರ್‌ಗೆ ನಡೆದು ಹೋಗಿ, ಅಲ್ಲಿಯವರ ಜೊತೆ ಟೀ ಕುಡಿದು ಬರುತ್ತಾರೆ. ಒಬ್ಬರಿಗೆ ಹೋಗಿ ಬರಲು ಒಂದೂವರೆ ಗಂಟೆ.

ಇದರಲ್ಲಿ ಒಂದಾದರೂ ಅಂಕದಲ್ಲಿ ಕಾಣುತ್ತಿತ್ತಾ? ಹತ್ತರಲ್ಲಿ ಎಂಟು ಮನೆಯವರು ಹೋದ ಫಾರಂನಲ್ಲಿ ನಾಲ್ಕು ಅಥವಾ ಐದು ಕೊಟ್ಟಿದ್ದರು.

ಪುಸ್ತಕವನ್ನು ತೆಗೆಸಬೇಕು ಅಂತ ಮೀಟಿಂಗ್‌ನಲ್ಲಿ ಕೂತು ವಾದ ಮಾಡಿದ್ದೇನೆ. ಇನ್ನೂ ಒಪ್ಪಿಲ್ಲ. ಬಿಡುವುದಿಲ್ಲ. ಮೂರನೇ ತಿಂಗಳಿನ ಭೇಟಿಗೆ ಮಾತ್ರ ಒಪ್ಪಿಗೆ ಸಿಕ್ಕಿದೆ. ಹಿರಿಯರ ಒಲೆ ಹೋದ ಗುರುವಾರ ಸರಿಯಾಯಿತು. ಅವತ್ತೇ ಮೊಟ್ಟೆ ಸುಟ್ಟು ಕಟ್ಟಡಕ್ಕೆಲ್ಲ ಹೊಗೆ ಅಲಾರಂ ಕೇಳಿಸಿದರು. ಯಾರೂ ಬೈಯಲಿಲ್ಲ. ಕಿಟಕಿಗೆ ಇನ್ನೂ ಕಾಯುತ್ತಿದ್ದೇವೆ, ಚಳಿ ಬರುವುದರೊಳಗೆ ಆಗಬೇಕು.

ನಾಲ್ಕನೇ ಮಹಡಿ ಅವರೇ, ನಿಮಗೆ ಒಂದು ಕೋರಿಕೆ. ಅಮ್ಮನನ್ನು ಕೇಳುತ್ತೀರಾ? ಅವತ್ತು ಫೈಲ್ ಹಿಡಿದು ಬಂದವರು ಏನು ಕೇಳಬೇಕಿತ್ತು ಅಂತ.

ನಾಲ್ಕನೇ ಮಹಡಿ (ಬೆಂಗಳೂರು)

ನಿನ್ನೆ ರಾತ್ರಿ ಕೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದರು, ತಲೆ ಎತ್ತದೆ ಹೇಳಿದರು: ‘ಬೆಳಿಗ್ಗೆ ಎದ್ದ ಕೂಡ್ಲೆ ಏನ್ ಮಾಡ್ತೀಯಮ್ಮ ಅಂತ ಕೇಳ್ಬೇಕಿತ್ತು. ನೀರು ಹೊರ್ತೀನಿ ಅಂತಿದ್ದೆ. ಆಮೇಲೆ ಬಸ್ಸಿಗೆ ಕಾಯ್ತೀನಿ ಅಂತಿದ್ದೆ. ಎಲ್ಲಾ ಅದ್ರಲ್ಲೇ ಬಂದ್ಬಿಡ್ತಿತ್ತಲ್ಲ.’

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹೇಳಿದರು. ನಿಂತು ಕೇಳಬಾರದಂತೆ, ಕೂತು ಕೇಳಬೇಕಂತೆ.

ಹಿಮದೂರಿನವಳು (ಟೊರಾಂಟೊ)

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಇದೇ ಮೊದಲ ಪ್ರಶ್ನೆ. ತಮಿಳು ಮತ್ತು ಸೊಮಾಲಿಗೆ ಅನುವಾದ ಈ ವಾರ ಮುಗಿಯುತ್ತದೆ. 14ನೇ ತಾರೀಕಿನಿಂದ ಮನೆ ಮನೆಗೆ ಹೋಗುತ್ತೇವೆ. ಎರಡು ಮಡಚುವ ಕುರ್ಚಿ ತಗೊಂಡಿದ್ದೇನೆ, ಕೆಲವರ ಮನೆಯಲ್ಲಿ ಒಂದೇ ಕುರ್ಚಿ ಇರುತ್ತದೆ.